ಬಡೇಸಾಬರ ಪುಂಡಿಪಲ್ಲೆ

ಬಿರಿಯಾನಿಯ ತಟ್ಟೆ ಮುಂದೆ ಬಂದೊಡನೆ ಬಡೇಸಾಬರು ಮೊದಲು ಮಾಡುತ್ತಿದ್ದ ಕೆಲಸವೆಂದರೆ, ಹಾಲಿನೊಳಗಿನ ಕೂದಲು ತೆಗೆಯುವವರ ಮುಖಭಾವದಲ್ಲಿ ಕೊತ್ತಂಬರಿಯ ಒಂದೊಂದೇ ಎಲೆಯನ್ನು ಹೆಕ್ಕಿ ತಟ್ಟೆಯಂಚಿಗೆ ಒರೆಸುವುದು. ಮುಂಬೈಯ ಭಾಂಡುಪ್‌ನಲ್ಲಿ ನಮ್ಮ ಎದುರುಮನೆಯವರು. ಧಾರಾವಿಯಲ್ಲಿ ಚರ್ಮದ ಚೀಲ ಹೊಲಿಯುವ ಕಾರ್ಖಾನೆಯ ಯಜಮಾನರು. ಲೋಕಲ್ ರೈಲಿನ ನೂಕುನುಗ್ಗಲಿನಲ್ಲೂ ಅಂಗಿಯ ಇಸ್ತ್ರಿ ಕೆಡದಂತೆ ಎದೆಯುಬ್ಬಿಸಿ ನಡೆಯುವ ಸ್ಥೂಲಗಂಭೀರ ವ್ಯಕ್ತಿ. ಸೊಪ್ಪೆಂದರೆ ಅವರಿಗೆ ಅರುಚಿಗಿಂತ ಹೆಚ್ಚಾಗಿ ಅವಮಾನ. ಸಿಂದಗಿಯ ಕಡೆಯ ಹಳ್ಳಿಯಲ್ಲಿ ಅವರ ಬಡತನದ ಬಾಲ್ಯವೆಲ್ಲ ಪುಂಡಿಸೊಪ್ಪಿನ ಹುಳಿಯಲ್ಲೇ ಕಳೆದಿತ್ತು. "ಮುಂಬೈಗೆ ಬಂದದ್ದ ಅದನ್ನ ತಿನ್ನಬಾರದಂತ ರೀ," ಎನ್ನುತ್ತಿದ್ದರು.

ಸಕ್ಕರೆ ಕಾಯಿಲೆಯಿಂದ ಕಾಲ್ಬೆರಳಿನ ಗಾಯ ಮಾಯದೆ, ಊಟ ಬದಲಿಸದಿದ್ದರೆ ಬೆರಳು ಉಳಿಯದೆಂದು ವೈದ್ಯರು ಎಚ್ಚರಿಸಿದಾಗಲೂ ಅವರು ಹೆಂಡತಿ ನಜ್ಮಾ ಬಡಿಸಿದ ಪಲ್ಲೆಯನ್ನು ಸರಿಸಿಬಿಟ್ಟರು. ಆಕೆ, ಗಾಯದಿಂದಾಗಿ ಮನೆಯಲ್ಲೇ ಕೂತು ಚಡಪಡಿಸುತ್ತಿದ್ದ ಗಂಡನ ಕೈಗೆ ಊರಿನಿಂದ ತರಿಸಿದ ಪುಂಡಿಬೀಜ ಕೊಟ್ಟು, "ತಿನ್ನಬ್ಯಾಡ್ರಿ. ಟೆರೇಸ್ ಮ್ಯಾಲೆ ಹಾಕಿ ನೀರಷ್ಟ ಹಾಕ್ರಿ," ಎಂದರು.

ಬಣ್ಣದ ಖಾಲಿ ಡಬ್ಬಿಗಳಲ್ಲಿ ಮೊಳಕೆಯೊಡೆದ ದಿನದಿಂದ ಅವರು ಬೇರೆಯೇ ಮನುಷ್ಯರಾದರು. ಎಲೆಯಡಿಯ ಹುಳು ಹೆಕ್ಕಲು, ಕಾಗೆ ಓಡಿಸಲು ಕುಂಟುತ್ತಲೇ ಮೆಟ್ಟಿಲೇರುವರು. ಕೆಂಪು ದಂಟು ಮೊಣಕಾಲೆತ್ತರ ಬಂದಾಗ ನನ್ನನ್ನು ಕರೆದು ತೋರಿಸಿದರು. ಒಂದೆಲೆ ಕಿತ್ತು ಬಾಯಿಗೆ ಹಾಕಿಕೊಂಡರು. ಹುಳಿಗೆ ಕಣ್ಣು ಕಿರಿದಾಯಿತು. "ನಾ ಬೆಳಸೇನಿ, ನಾನ ಹ್ಯಾಂಗ ಬಿಡ್ಲಿ?" ಅಂದಿನ ಊಟದಲ್ಲಿ ಪಲ್ಲೆಯನ್ನು ಕೇಳಿ ಹಾಕಿಸಿಕೊಂಡರೆಂದು ನಜ್ಮಾ ಹೇಳಿದರು. ಔಷಧವೂ ಪಥ್ಯವೂ ಕೂಡಿ ಗಾಯ ಮಾಯಿತು, ಬೆರಳು ಉಳಿಯಿತು.

ಮಗಳು ಶಿರೀನಳ ನಿಶ್ಚಿತಾರ್ಥದ ಊಟ ಅದೇ ಟೆರೇಸಿನಲ್ಲಿ. ಮಾಂಸದ ಹಂಡೆಯ ಪಕ್ಕ ಅವರು ಜೋಳದ ರೊಟ್ಟಿ, ಪುಂಡಿಪಲ್ಲೆ ಇಡಿಸಿದ್ದರು. ಕಲಬುರಗಿಯಿಂದ ಬಂದ ಬೀಗರ ಪೈಕಿ ಹಿರಿಯರೊಬ್ಬರು ನಕ್ಕು, "ಏನ್ರಿ ಬೀಗರ, ಬಡವರ ಪಲ್ಯಾ ಇಟ್ಟೀರಿ?" ಎಂದರು. ಆ ಒಂದು ಮಾತಿನಿಂದ ತಪ್ಪಿಸಿಕೊಳ್ಳಲೆಂದೇ ಬಡೇಸಾಬರು ಊರು ಬಿಟ್ಟಿದ್ದರು.

ಬಡೇಸಾಬರು ಸೌಟನ್ನು ತಾವೇ ಹಿಡಿದು ಆ ಹಿರಿಯರಿಗೆ ಬಡಿಸಿದರು. "ಹೌದ್ರಿ. ಇದನ್ನ ತಿಂದ ದೊಡ್ಡಾಂವ ಆಗೇನಿ. ನನ್ನ ಕೈಲೆ ಬೆಳದದ್ದು, ತಿಂದು ನೋಡ್ರಿ."

ಹಿರಿಯರು ಒಂದು ತುತ್ತು ತಿಂದರು. ಇನ್ನೊಂದು ರೊಟ್ಟಿ ಮುರಿದರು. ಹಂಡೆಯಲ್ಲಿ ಮಾಂಸ ಉಳಿದಿರುವಾಗಲೇ ಪಲ್ಲೆಯ ಪಾತ್ರೆಯ ತಳ ಕಂಡಿತು.

ಹಸಿವನ್ನು ದಾಟಿ ನಗರ ಸೇರಿದವರ ನಾಲಗೆಯಲ್ಲಿ ಸೊಪ್ಪಿನ ರುಚಿಗಿಂತ ಹೆಚ್ಚು ಕಾಲ ನಿಲ್ಲುವುದು ಅದನ್ನು ಗತಿಯಿಲ್ಲದೆ ನುಂಗಿದ ದಿನಗಳ ಕಹಿ. ಅದೇ ಸೊಪ್ಪನ್ನು ಸ್ವೇಚ್ಛೆಯಿಂದ ಬೆಳೆದು ನಾಲ್ವರಿಗೆ ಬಡಿಸುವ ಭಾಗ್ಯ ಬಂದಾಗ, ಅಂಥವರು ತಮ್ಮ ಬಾಲ್ಯವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣುತ್ತಾರೆ.