ಬಂದೆ ಅಂದರೆ ಯಾವ ಕಾಲ

ಸೋಮವಾರ ತನುಶ್ರೀಗೆ ಇಂಗ್ಲಿಷ್ ಟೆಸ್ಟು, ಪಾಸ್ಟ್ ಟೆನ್ಸು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕೂತೆವು.

"ಗೋ?"

"ವೆಂಟ್."

"ಈಟ್?"

"ಏಟ್. ಹೊಡಿಯೋ ಏಟಲ್ಲ ದೊಡ್ಡಮ್ಮ, ತಿಂದಿದ್ದು."

"ಏಟೂ ತಿನ್ನೋದೇ ಕಣೇ. ಮುಂದಕ್ಕೆ ಓದು."

ನಕ್ಕಳು. ಕಿವಿ ಮಾತ್ರ ಬಸ್ಸಿನ ಹಾರನ್ನಿನ ಕಡೆಗಿತ್ತು. ಅವಳಮ್ಮ ಶೋಭಾರಾಣಿ ನನ್ನ ತಂಗಿ. ಗಂಡ ತೀರಿಹೋದ ಮೇಲೆ ಮಗಳನ್ನು ಮಂಚೇನಹಳ್ಳಿಯಲ್ಲಿ ನನ್ನ ಹತ್ತಿರ ಬಿಟ್ಟು, ಚಿಂತಾಮಣಿಯ ಮುರಳಿಮೋಹನನನ್ನು ಮದುವೆಯಾದಳು. ಆ ಮನೆಗೆ ತನು ಇನ್ನೂ ಕಾಲಿಟ್ಟಿಲ್ಲ. ಟೆಸ್ಟು ಮುಗಿದರೆ ದಸರಾ ರಜ. ಈ ಸಲ ಕರೆದುಕೊಂಡು ಹೋಗುತ್ತೇನೆ, ಭಾನುವಾರವೇ ಬಂದು ನಿಮ್ಮ ಜೊತೆ ಉಳಿಯುತ್ತೇನೆ ಎಂದಿದ್ದಳು ಶೋಭಾ.

ಪುಸ್ತಕದಲ್ಲಿ ಇಂಗ್ಲಿಷಿಗೆ ತಿರುಗಿಸಲು ವಾಕ್ಯಗಳಿದ್ದವು. 'ಅಮ್ಮ ಕರೆದಳು. ಬಂದೆ, ಎಂದೆ.' ತನು 'ಐ ಕೇಮ್' ಎಂದು ಬರೆದಳು.

"ತಪ್ಪು ಕಣಮ್ಮ. ಬಂದೆ ಅಂದಾಗ ಇನ್ನೂ ಬಂದಿರಲ್ಲ. ಐ ಆಮ್ ಕಮಿಂಗ್ ಅನ್ನಬೇಕು."

"ಬರ್ದೇನೇ ಬಂದೆ ಅಂತಾರಾ?"

"ಬರೋದು ಖಾತ್ರಿ ಇದ್ರೆ ಹಂಗಂತೀವಿ."

ಪೆನ್ಸಿಲ್ ತುದಿ ಕಚ್ಚಿದಳು. "ಬೆಳಗ್ಗೆ ಫೋನಲ್ಲಿ ಅಮ್ಮಾನೂ ಬಂದೆ ಅಂದ್ಲು."

ನಾನು ಪುಟ ತಿರುಗಿಸಿದೆ.

ಫೋನು ಬಂತು. ತನುವೇ ಎತ್ತಿ ಸ್ಪೀಕರ್ ಒತ್ತಿದಳು.

"ಅಕ್ಕಾ," ಶೋಭಾಳ ದನಿ ಸೆರಗು ಬಾಯಿಗಿಟ್ಟುಕೊಂಡವರ ಹಾಗಿತ್ತು. "ನಾನು ಬರ್ತಿದ್ದೆ ಕಣೇ. ರೆಡಿನೂ ಆಗಿದ್ದೆ. ನಮ್ಮತ್ತೆ ಇವತ್ತು..." ಹಿಂದಿನಿಂದ ಯಾರೋ ತೆಲುಗಿನಲ್ಲಿ ಗದರಿದರು. "ಮಗೂಗೆ ನೀನೇ ಏನಾದ್ರೂ ಹೇಳು. ಇಡ್ತೀನಿ."

ಮಗು ಕೇಳಿಸಿಕೊಂಡು ಕೂತಿತ್ತು.

ರಜವೆಲ್ಲ ಅವಳು ನನ್ನ ಜೊತೆಗೇ ಇರುತ್ತಾಳೆ ಎಂದು ಒಳಗೆಲ್ಲೋ ಒಂದು ನಿರಾಳವೂ ಆಯಿತು. ಅದಕ್ಕೆ ನನಗೇ ಹೇಸಿಗೆಯಾಯಿತು.

"ಬರ್ತಿದ್ದೆ ಅಂದ್ರೆ ಯಾವ ಟೆನ್ಸು ದೊಡ್ಡಮ್ಮ?"

ವಾಸ್ ಕಮಿಂಗ್ ಎನ್ನಬಹುದಿತ್ತು. ಅದು ದಾರಿಯಲ್ಲಿ ಇದ್ದವರ ಮಾತು. ಇವಳು ಹೊಸಿಲೂ ದಾಟಿರಲಿಲ್ಲ. ಮೂರು ವರ್ಷದಿಂದ ನಾನು ಬಸ್ಸು ಕೆಟ್ಟಿತು, ಜ್ವರ ಬಂತು ಎಂದೆಲ್ಲ ತಂಗಿಯ ಪರವಾಗಿ ಹೇಳಿಕೊಂಡು ಬಂದಿದ್ದೆ. ಇವತ್ತು ನಾಲಿಗೆ ಏಳಲಿಲ್ಲ.

"ಬರಲಿಲ್ಲ ಅಂತ ಬರಿ," ಎಂದೆ.

ತಲೆ ಬಗ್ಗಿಸಿ ಬರೆದಳು. 'ಮೈ ಮದರ್ ಡಿಡ್ ನಾಟ್ ಕೇಮ್.'

ಹಾಗೇ ಬಿಟ್ಟುಬಿಡೋಣ ಅನ್ನಿಸಿತು. ಆದರೆ ನಾಳೆ ಮಾರ್ಕು ಹೋಗುತ್ತದೆ.

"ಡಿಡ್ ನಾಟ್ ಅಂದ್ಮೇಲೆ ಕೇಮ್ ಬರಲ್ಲಮ್ಮ. ಕಮ್ ಅಂತ್ಲೇ ಇರಬೇಕು."

ರಬ್ಬರು ತಗೊಂಡು ಉಜ್ಜಿದಳು. ಹಾಳೆ ತೆಳ್ಳಗಾದರೂ ಉಜ್ಜುತ್ತಲೇ ಇದ್ದಳು. ನಾನು ಕೈ ಹಿಡಿದು ನಿಲ್ಲಿಸಿದೆ. ಕೊಸರಿಕೊಳ್ಳಲಿಲ್ಲ.

"ಯಾವಾಗ್ಲೂ ಹಿಂಗೇನಾ?" ಎಂದಳು.

ಗ್ರಾಮರನ್ನೇ ಕೇಳಿದಳು ಅಂದುಕೊಂಡು ಹೂಂ ಎಂದೆ.