ಕ್ಲಾವ್ದಿಯಾ ಕಲಿತ ಹಬ್ಬಗಳು

ನಮ್ಮದು ಎರಡು ಪಾಲಾದ ಮರದ ಮನೆ. ಈಚೆ ಪಾಲಿನಲ್ಲಿ ತೆಕ್ಲೆ ದೊಡ್ಡಮ್ಮ ಮತ್ತು ನಾನು, ಆಚೆ ಪಾಲಿನಲ್ಲಿ ಕ್ಲಾವ್ದಿಯಾ. ಅವಳು ನಮ್ಮೂರಿನ ಸಣ್ಣ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಿದ್ದಳು. ರಷ್ಯಾದ ಪ್ಸ್ಕೋವ್ ಕಡೆಯ ಹಳ್ಳಿಯವಳು, ರೈಲ್ವೆ ಕೆಲಸದ ಗಂಡನ ಜೊತೆ ಇಲ್ಲಿಗೆ, ಲಿಥುವೇನಿಯಾಕ್ಕೆ, ಬಂದಿದ್ದಳು. ಗಂಡ ಬೇರೆ ಊರಿಗೆ ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅವಳು ಇಲ್ಲೇ ಉಳಿದಳು. ಅವಳು ಕೆಮ್ಮಿದರೆ ನಮಗೆ ಕೇಳುತ್ತಿತ್ತು, ನಮ್ಮ ಒಲೆಯ ಬಿಸಿ ಅವಳ ಗೋಡೆಗೂ ತಾಕುತ್ತಿತ್ತು. ಆದರೂ ದೊಡ್ಡಮ್ಮ ಅವಳೊಂದಿಗೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಬೇಲಿಯ ಹತ್ತಿರ ಎದುರಾದರೆ ಒಮ್ಮೆ ತಲೆಯಾಡಿಸುತ್ತಿದ್ದಳು, ಅಷ್ಟೇ.

ಕಾರಣ ಊರಿಗೆಲ್ಲ ಗೊತ್ತಿತ್ತು. ಎರಡನೇ ಮಹಾಯುದ್ಧ ಮುಗಿದ ಕೆಲವು ವರ್ಷಗಳ ಮೇಲೆ ದೊಡ್ಡಮ್ಮನ ತಮ್ಮ ಲಿಯೋನಾಸ್‌ನನ್ನು ರಷ್ಯನ್ ಸೈನಿಕರು ಮನೆಯಿಂದಲೇ ಎಳೆದೊಯ್ದು ಸೈಬೀರಿಯಾಕ್ಕೆ ಸಾಗಿಸಿದ್ದರು. ಅಲ್ಲಿ ಕಾಡು ಕಡಿಯುವಾಗ ಮೈಮೇಲೆ ಮರ ಬಿದ್ದು ಸತ್ತನಂತೆ. ಬದುಕಿ ವಾಪಸು ಬಂದ ಊರಿನವರೊಬ್ಬರು ಸುದ್ದಿ ತಂದರು. ಎಲ್ಲಿ ಹೂತರೆಂದು ಅವರಿಗೂ ಗೊತ್ತಿರಲಿಲ್ಲ. ಆಮೇಲೆ ದೊಡ್ಡಮ್ಮ ರಷ್ಯನ್ ಮಾತನ್ನು ಬಾಯಿಗೆ ತರಲಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದ ಅಷ್ಟೂ ಕಾಲ ರಷ್ಯನ್ನಿನಲ್ಲಿ ನಡೆಯುವ ಸಭೆಗಳಲ್ಲಿ ತುಟಿ ಬಿಚ್ಚದೆ ಕೂತು ಎದ್ದುಬರುತ್ತಿದ್ದಳಂತೆ.

ಕಡೆಗೆ ದೇಶ ಸೋವಿಯತ್ ಆಳ್ವಿಕೆಯಿಂದ ಸ್ವತಂತ್ರವಾಯಿತು. ಜನರ ಜೊತೆ ವ್ಯವಹರಿಸುವ ಕೆಲಸದವರೆಲ್ಲ ಲಿಥುವೇನಿಯನ್ ಪರೀಕ್ಷೆ ಪಾಸಾಗಬೇಕು ಎಂದು ಹೊಸ ಸರ್ಕಾರ ಕಾನೂನು ಮಾಡಿತು. ಆ ಚಳಿಗಾಲ ಮುಗಿಯುತ್ತಿದ್ದಾಗ ಒಂದು ದಿನ ಕ್ಲಾವ್ದಿಯಾ ನಮ್ಮ ಬಾಗಿಲು ತಟ್ಟಿದಳು. ಕೈಯಲ್ಲಿ ಉಪ್ಪು ಹಾಕಿದ ಅಣಬೆಯ ಜಾಡಿ. ಮೊದಲೇ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದಳು.

"ಟೀಚರಮ್ಮ, ನಾನು ಮಾತು ಕಲಿಯಬೇಕು ನಿಮಗೆ."

ದೊಡ್ಡಮ್ಮ ಅವಳ ಮುಖ ನೋಡಲಿಲ್ಲ, ಜಾಡಿಯನ್ನೇ ನೋಡಿದಳು. ಬಾಗಿಲು ಹಾಕಿಯೇಬಿಡುತ್ತಾಳೆ ಎಂದುಕೊಂಡೆ.

"ಈ ಮನೆ ಒಳಗೆ ರಷ್ಯನ್ ಮಾತಿಲ್ಲ," ಎಂದಳು ದೊಡ್ಡಮ್ಮ. "ಗೊತ್ತಾಗದೇ ಇದ್ರೆ ಕೈಸನ್ನೆ ಮಾಡಿ. ಬೂಟಿನ ಹಿಮ ಕೊಡವಿಕೊಂಡು ಒಳಗೆ ಬನ್ನಿ."

ಹೇಗೆ ಒಪ್ಪಿಕೊಂಡೆ ಎಂದು ಆಮೇಲೆ ಕೇಳಿದೆ. ಕಲಿಯುತ್ತೇನೆಂದು ಬಂದವರನ್ನು ಇಷ್ಟು ವರ್ಷ ಹಿಂದಕ್ಕೆ ಕಳಿಸಿಲ್ಲ, ಈಗ ಮುದುಕಿಯಾದ ಮೇಲೆ ಅದನ್ನೊಂದು ಶುರುಮಾಡಲೇ ಎಂದು ನನ್ನ ಮೇಲೇ ಸಿಡುಕಿದಳು.

ಕ್ಲಾವ್ದಿಯಾ ತಂದಿದ್ದ ಪಠ್ಯಪುಸ್ತಕ ಹಳೇ ಸರ್ಕಾರದ ಕಾಲದ್ದು. ಮೊದಲ ಪುಟದಲ್ಲೇ ಒಬ್ಬ ಕಾಮ್ರೇಡ್ ಇನ್ನೊಬ್ಬ ಕಾಮ್ರೇಡನಿಗೆ ಕಾರ್ಖಾನೆಯ ದಾರಿ ಕೇಳುತ್ತಿದ್ದ. ದೊಡ್ಡಮ್ಮ ಅದನ್ನು ಮುಚ್ಚಿ ಪಕ್ಕಕ್ಕಿಟ್ಟು, ಅವಳ ಕೈಗೆ ಹಿಟ್ಟಿನ ಬಟ್ಟಲು ಕೊಟ್ಟಳು. ಅವತ್ತು ಉಜ್ಗಾವೇನೆಸ್, ಚಳಿಗಾಲವನ್ನು ಊರಿನಿಂದ ಓಡಿಸುವ ಹಬ್ಬ. ಮನೆಮನೆಯಲ್ಲೂ ದೋಸೆ ಹುಯ್ಯುವ ದಿನ. ಹಿಟ್ಟು, ಮೊಟ್ಟೆ, ಹಾಲು, ಕಲಸು, ಹುಯ್ಯಿ, ಮಗುಚು, ಸೀದುಹೋಯಿತು. ಮೊದಲ ಪಾಠ ಅಷ್ಟೇ. 'ಸೀದುಹೋಯಿತು' ಎಂಬುದನ್ನು ಕ್ಲಾವ್ದಿಯಾ ಬೇಗ ಕಲಿತಳು.

ಅಷ್ಟರಲ್ಲಿ ಮೇಕೆಯ, ಕೊಕ್ಕರೆಯ, ಭಿಕ್ಷುಕರ ಮುಖವಾಡ ಹಾಕಿದ ಮಕ್ಕಳು ಪಾತ್ರೆ ಬಡಿಯುತ್ತಾ ಅಂಗಳಕ್ಕೆ ನುಗ್ಗಿದರು. ಕ್ಲಾವ್ದಿಯಾ ದಡಕ್ಕನೆ ಎದ್ದು ಕಿಟಕಿಯಿಂದ ಹಿಂದೆ ಸರಿದಳು. ಕೈಸನ್ನೆಯಲ್ಲೂ ಒಡಕು ಮಾತಿನಲ್ಲೂ ಅವಳು ಹೇಳಿದ್ದನ್ನು ಅರ್ಥ ಮಾಡಿಕೊಳ್ಳಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು. ಈ ಗದ್ದಲ ತನ್ನನ್ನು ಹಂಗಿಸಲಿಕ್ಕೇ ಎಂದುಕೊಂಡು, ಬಂದಾಗಿನಿಂದ ಪ್ರತಿವರ್ಷವೂ ಬಾಗಿಲಿಗೆ ಚಿಲಕ ಹಾಕಿ ದೀಪ ಆರಿಸಿ ಕೂರುತ್ತಿದ್ದಳಂತೆ. ದೊಡ್ಡಮ್ಮ ದೋಸೆಯ ತಟ್ಟೆಯನ್ನು ಅವಳ ಕೈಗೇ ಕೊಟ್ಟು ಬಾಗಿಲು ತೆರೆದಳು. ಮೇಕೆಯೊಂದು ತಟ್ಟೆ ಖಾಲಿ ಮಾಡಿ ಅವಳ ಕೆನ್ನೆಗೆ ಮಸಿ ಬಳಿದು ಓಡಿತು. ಆ ಮಸಿಯನ್ನು ಒರೆಸಿಕೊಳ್ಳದೆಯೇ ಅವಳು ಮನೆಗೆ ಹೋದಳು.

ಹೀಗೆ ಪಾಠ ಹಬ್ಬದಿಂದ ಹಬ್ಬಕ್ಕೆ ನಡೆಯಿತು. ಈಸ್ಟರಿಗೆ ಮುಂಚೆ ಈರುಳ್ಳಿ ಸಿಪ್ಪೆಯಲ್ಲಿ ಮೊಟ್ಟೆ ಬೇಯಿಸಿ, ಕಂದು ಬಂದ ಮೇಲೆ ಚಾಕುವಿನ ತುದಿಯಿಂದ ಕೆರೆದು ಚಿತ್ತಾರ ಬಿಡಿಸುವುದನ್ನು ಕಲಿತಳು. ನಿಮ್ಮದಕ್ಕಿಂತ ನನ್ನ ಮೊಟ್ಟೆಯೇ ಗಟ್ಟಿ ಎಂದು ಪಂದ್ಯ ಕಟ್ಟಿ, ಡಿಕ್ಕಿ ಹೊಡೆಸಿ ನನ್ನದನ್ನೂ ದೊಡ್ಡಮ್ಮನದನ್ನೂ ಒಡೆದಳು. ಆದರೆ ಎಡವಟ್ಟಾದದ್ದೂ ಆಗಲೇ. ನಮ್ಮ ಭಾಷೆಯಲ್ಲಿ ಈಸ್ಟರಿಗೆ ವೆಲೀಕೊಸ್ ಎನ್ನುತ್ತೇವೆ, ನವೆಂಬರಿನಲ್ಲಿ ಸತ್ತವರನ್ನು ನೆನೆಯುವ ಹಬ್ಬಕ್ಕೆ ವೇಲಿನೆಸ್. ಹಬ್ಬದ ಹಿಂದಿನ ದಿನ ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಕ್ಲಾವ್ದಿಯಾ ಮುಂದೆ ನಿಂತಿದ್ದ ಮುದುಕನಿಗೆ, ಇಡೀ ಅಂಗಡಿಗೆ ಕೇಳುವಂತೆ, ಸತ್ತವರ ಹಬ್ಬದ ಶುಭಾಶಯ ಹೇಳಿಬಿಟ್ಟಳು.

ಆತ ಟೋಪಿ ತೆಗೆದು ಬಾಗಿ, "ಸ್ವಲ್ಪ ಅವಸರ ಮಾಡಿದ್ರಿ ತಾಯಿ, ನಾನಿನ್ನೂ ಈ ಕಡೇನೇ ಇದೀನಿ," ಎಂದನಂತೆ.

ಅಂಗಡಿಯೆಲ್ಲ ನಕ್ಕಿತು. ಕ್ಲಾವ್ದಿಯಾ ಬ್ರೆಡ್ ಕೂಡ ಕೊಳ್ಳದೆ ಬಂದು ಕದ ಹಾಕಿಕೊಂಡಳು. ಹಬ್ಬ ಕಳೆದರೂ ಪಾಠಕ್ಕೆ ಬರಲಿಲ್ಲ. ಗೋಡೆಯಾಚೆ ಸದ್ದೇ ಇರಲಿಲ್ಲ. ಒಂದು ವಾರ ನೋಡಿದ ದೊಡ್ಡಮ್ಮ ಶಾಲು ಹೊದ್ದು, ಅಂಗಳ ಸುತ್ತಿ ಹೋಗಿ ಅವಳ ಬಾಗಿಲ ಮುಂದೆ ನಿಂತಳು. ದೊಡ್ಡಮ್ಮ ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ನಾನು ನಮ್ಮ ಕಿಟಕಿಯಿಂದ ನೋಡುತ್ತಿದ್ದೆ.

"ಆ ಮುದುಕ ಎರಡನೇ ಕ್ಲಾಸಲ್ಲಿ ನನ್ನ ಜೊತೆ ಓದಿದೋನು," ಎಂದಳು ದೊಡ್ಡಮ್ಮ. "ಅವನಿಗೆ ಇವತ್ತಿಗೂ ಕಾಗುಣಿತ ಬರಲ್ಲ. ನಾಳೆ ಪಾಠಕ್ಕೆ ಬನ್ನಿ."

ಕ್ಲಾವ್ದಿಯಾ ಬಂದಳು. ಜೂನ್‌ನಲ್ಲಿ ನಡುಬೇಸಿಗೆಯ ಹಬ್ಬ ಯೋನಿನೆಸ್ ಬಂದಾಗ ನಾವು ಮೂವರೂ ಶ್ವೆಂತೊಯಿ ಹೊಳೆಯ ದಡಕ್ಕೆ ಹೋಗಿ ಹೂವಿನ ದಂಡೆ ಕಟ್ಟಿ ನೀರಿಗೆ ಬಿಟ್ಟೆವು. ದಂಡೆ ಯಾವ ಕಡೆ ತೇಲಿದರೆ ಆ ಕಡೆಯಿಂದ ಗಂಡು ಬರುತ್ತಾನೆ ಎಂದು ನಾನು ಹೇಳಿದೆ. ಕ್ಲಾವ್ದಿಯಾ ತನ್ನದನ್ನು ಕೋಲಿನಿಂದ ದಡಕ್ಕೆ ಎಳೆದುಕೊಂಡಳು. "ಒಬ್ಬ ಬಂದ. ಸಾಕು," ಎಂದಳು. ದೊಡ್ಡಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಹಾಗೆ ನಕ್ಕದ್ದು ನನಗೆ ಹೊಸದು.

ಬೇಸಿಗೆ ಮುಗಿಯುವಷ್ಟರಲ್ಲಿ ನಮ್ಮೂರಿನ ಸಣ್ಣ ರೈಲುಗಾಡಿ ಪ್ರಯಾಣಿಕರನ್ನು ಒಯ್ಯುವುದನ್ನು ನಿಲ್ಲಿಸಿತು. ಟಿಕೆಟಿನ ಕಿಂಡಿಗೆ ಹಲಗೆ ಹೊಡೆದರು. ಕ್ಲಾವ್ದಿಯಾಗೆ ಕೆಲಸವೂ ಇಲ್ಲ, ಪರೀಕ್ಷೆಯೂ ಬೇಕಿಲ್ಲ. ಸೇಬಿನ ಕೇಕು ಮಾಡಿ ತಂದು, ಪ್ಸ್ಕೋವಿನಲ್ಲಿ ತಂಗಿ ಇದ್ದಾಳೆ, ಅಲ್ಲಿಗೇ ಹೋಗಿಬಿಡುತ್ತೇನೆ ಎಂದಳು. ದೊಡ್ಡಮ್ಮ ಕೇಕನ್ನು ಮೂರು ಪಾಲು ಮಾಡಿದಳು, ತನ್ನ ಪಾಲನ್ನು ನಿಧಾನವಾಗಿ ತಿಂದು ಮುಗಿಸಿದಳು. ಆಮೇಲೆ, ಹೋಗುವುದಾದರೆ ಹೋಗಿ, ಆದರೆ ವೇಲಿನೆಸ್ ಪಾಠ ಇನ್ನೂ ಆಗಿಲ್ಲ, ಅರ್ಧಕ್ಕೆ ಬಿಟ್ಟುಹೋಗುವುದು ನನಗೆ ಹಿಡಿಸುವುದಿಲ್ಲ ಎಂದಳು. ಕ್ಲಾವ್ದಿಯಾ ನವೆಂಬರ್‌ವರೆಗೆ ನಿಂತಳು.

ನಮ್ಮೂರ ಸ್ಮಶಾನ ಪೈನ್ ಮರಗಳ ದಿಬ್ಬದ ಮೇಲಿದೆ. ಅವತ್ತು ಮಧ್ಯಾಹ್ನವೇ ಹೋಗಿ ದೊಡ್ಡಮ್ಮನ ಅಪ್ಪ ಅಮ್ಮನ ಸಮಾಧಿಯ ಎಲೆಗಳನ್ನು ಗುಡಿಸಿ, ಮರಳು ಸಮ ಮಾಡಿ, ಸೇವಂತಿಗೆ ಇಟ್ಟೆವು. ಕ್ಲಾವ್ದಿಯಾ ಮಣ್ಣು, ಹೂವು, ಮೇಣದ ದೀಪ ಎಂದು ಒಂದೊಂದರ ಹೆಸರು ಮೆಲ್ಲಗೆ ಹೇಳುತ್ತಾ ಕುಂಟೆ ಎಳೆದಳು. ಮಬ್ಬುಗತ್ತಲಾಗುವ ಹೊತ್ತಿಗೆ ದಿಬ್ಬದ ತುಂಬ ಸಣ್ಣ ಬೆಂಕಿಗಳು ಮೂಡಿದ್ದವು. ಇಡೀ ಊರು ಅಲ್ಲೇ ಇತ್ತು, ಆದರೂ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ದೊಡ್ಡಮ್ಮ ನಮ್ಮನ್ನು ನಡುವಿನ ದೊಡ್ಡ ಶಿಲುಬೆಯ ಬಳಿಗೆ ಕರೆದೊಯ್ದಳು. ಅದರ ಬುಡದಲ್ಲಿ ಆಗಲೇ ದೀಪಗಳು ಒತ್ತೊತ್ತಾಗಿ ಉರಿಯುತ್ತಿದ್ದವು.

"ಇದು ಯಾರದು?" ಎಂದು ಕೇಳಿದಳು ಕ್ಲಾವ್ದಿಯಾ.

"ದೂರದಲ್ಲಿ ಮಲಗಿರೋರದು. ಅವರ ಹತ್ರ ಹೋಗೋಕಾಗ್ದೇ ಇರೋರು ಇಲ್ಲಿ ಹಚ್ತೀವಿ." ದೊಡ್ಡಮ್ಮ ಚೀಲದಿಂದ ಎರಡು ದೀಪ ತೆಗೆದು ಒಂದನ್ನು ಅವಳಿಗೆ ಕೊಟ್ಟಳು. "ನಿಮ್ಮೋರು ಎಲ್ಲಿದಾರೆ?"

ಕ್ಲಾವ್ದಿಯಾ ದೀಪವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅಮ್ಮ ಹಳ್ಳಿಯಲ್ಲಿ. ಬರ್ಚ್ ಮರ ಕೆಳಗೆ. ಮೊದಲು ನಾನು ಪ್ರತಿವರ್ಷ ಹೋದಳು. ಈಗ ಗಡಿ. ಕಾಗದ ಕೇಳುತ್ತಾರೆ."

ದೊಡ್ಡಮ್ಮ ವ್ಯಾಕರಣ ತಿದ್ದಲಿಲ್ಲ. "ನನ್ನ ತಮ್ಮನೂ ನಿಮ್ಮ ಕಡೆ ಮಣ್ಣಲ್ಲೇ ಇದಾನೆ," ಎಂದಳು.

"ಗೊತ್ತು. ಬಂದ ವರ್ಷವೇ ಗೊತ್ತು." ಕ್ಲಾವ್ದಿಯಾ ಪದ ಹುಡುಕುತ್ತಾ ನಿಂತಳು. "ನಿಮಗೆ ಏನಾದರೂ ಹೇಳಬೇಕು ಅಂತ ಇತ್ತು. ನನ್ನ ಹತ್ತಿರ ಮಾತು ಇರಲಿಲ್ಲ."

ದೊಡ್ಡಮ್ಮ ಬಗ್ಗಿ ಕಡ್ಡಿ ಗೀರಿದಳು. ಗಾಳಿಗೆ ಆರಿತು. ಮತ್ತೊಂದು ಗೀರಿದಳು, ಅದೂ ಆರಿತು. ನಾನು ಮುಂದೆ ಹೆಜ್ಜೆ ಇಡುವ ಮೊದಲೇ ಅವಳು ತಲೆಯೆತ್ತದೆ ಹೇಳಿದಳು:

"ಗಾಳಿಗೆ ಅಡ್ಡ ನಿಂತ್ಕೋ, ಕ್ಲಾವ್ದಿಯಾ. ನಿನ್ನ ಕೋಟು ಅಗಲ ಇದೆ."

ಅಲ್ಲಿಯವರೆಗೆ 'ನೀವು' ಎನ್ನುತ್ತಿದ್ದ ದೊಡ್ಡಮ್ಮ ಮತ್ತೆಂದೂ ಅವಳಿಗೆ ಹಾಗೆನ್ನಲಿಲ್ಲ. ಕ್ಲಾವ್ದಿಯಾ ಕೋಟಿನ ಎರಡೂ ಅಂಚು ಅಗಲಿಸಿ ಗಾಳಿಗೆ ಮರೆಯಾಗಿ ನಿಂತಳು. ದೀಪಗಳು ಹತ್ತಿಕೊಂಡವು. ಎರಡನ್ನೂ ದೊಡ್ಡಮ್ಮ ಅಕ್ಕಪಕ್ಕ ಇಟ್ಟಳು.

ಪ್ಸ್ಕೋವಿಗೆ ಹೋಗುವ ಮಾತು ಮತ್ತೆ ಬರಲಿಲ್ಲ. ಬ್ರೆಡ್ಡಿನ ಅಂಗಡಿಯಲ್ಲಿ ಮಾರುವವರು ಬೇಕಾಗಿದ್ದರು. ಬೇಡವಾಗಿದ್ದ ಪರೀಕ್ಷೆ ಮತ್ತೆ ಬೇಕಾಯಿತು. ಮುಂದಿನ ವಸಂತದಲ್ಲಿ ಕ್ಲಾವ್ದಿಯಾ ಪರೀಕ್ಷೆಗೆ ಕೂತು, ಪ್ರತ್ಯಯಗಳನ್ನೆಲ್ಲ ಅದಲುಬದಲು ಮಾಡಿಯೂ ಪಾಸಾದಳು. ಆ ಮಧ್ಯೆ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಹಿಂದಿನ ಸಂಜೆಯ ಕೂಚಿಯೊಸ್ ಊಟಕ್ಕೆ ನಮ್ಮಲ್ಲಿಗೆ ಬಂದಳು. ಜನವರಿಯಲ್ಲಿ ತನ್ನ ಆರ್ಥೊಡಾಕ್ಸ್ ಪಂಥದ ಕ್ರಿಸ್‌ಮಸ್ಸಿಗೆ ನಮ್ಮನ್ನು ಕರೆದಳು. ದೊಡ್ಡಮ್ಮ ಒಳ್ಳೆಯ ಶಾಲು ಹೊದ್ದು ಹೋದಳು, ಹೊಟ್ಟೆತುಂಬ ಉಂಡಳು, ಅಲ್ಲಿನ ತಿಂಡಿಗಳ ಹೆಸರು ಕೇಳಿಕೊಂಡಳು, ಆದರೆ ರಷ್ಯನ್ನಿನಲ್ಲಿ ಒಂದಕ್ಷರ ಆಡಲಿಲ್ಲ. ಸಾಯುವವರೆಗೂ ಆಡಲಿಲ್ಲ. ಕ್ಲಾವ್ದಿಯಾ ಅದನ್ನು ನಿರೀಕ್ಷಿಸಲೂ ಇಲ್ಲ. ಅವರಿಬ್ಬರಿಗೆ ವರ್ಷವರ್ಷವೂ ಇದ್ದ ಜಗಳ ಒಂದೇ: ಕೂಚಿಯೊಸ್‌ಗೆ ಮಾಡುವ ಗಸಗಸೆ ಹಾಲಿಗೆ ಜೇನು ಎಷ್ಟು ಹಾಕಬೇಕು ಎಂಬುದು.

ನಾನು ಮದುವೆಯಾಗಿ ಕೌನಾಸ್ ನಗರ ಸೇರಿದೆ. ದೊಡ್ಡಮ್ಮ ಹಾಸಿಗೆ ಹಿಡಿದಾಗ ಕ್ಲಾವ್ದಿಯಾ ಅಂಗಡಿ ಮುಗಿಸಿ ಬಂದು ಅವಳ ಪಕ್ಕವೇ ಮಲಗುತ್ತಿದ್ದಳು. ಒಂದು ಸೆಪ್ಟೆಂಬರಿನಲ್ಲಿ ದೊಡ್ಡಮ್ಮ ತೀರಿಕೊಂಡಳು. ಆ ವರ್ಷ ಕೂಚಿಯೊಸ್‌ಗೆ ಊರಿಗೆ ಹೋಗಲು ನನಗೆ ಮನಸ್ಸಿರಲಿಲ್ಲ. ಖಾಲಿ ಮನೆಗೆ ಹೋಗಿ ಏನು ಮಾಡುವುದು? ಹಿಂದಿನ ದಿನ ಫೋನ್ ಬಂತು.

"ಬೀಟ್‌ರೂಟು ಬೇಯಿಸಿದೀನಿ, ಮೀನು ತಂದಿದೀನಿ," ಎಂದಳು ಕ್ಲಾವ್ದಿಯಾ. "ಟೀಚರಮ್ಮ ಪ್ರತಿವರ್ಷ ಹಾಕ್ತಿದ್ದ ಹಾಗೇ ಮೇಜಿನ ಬಟ್ಟೆ ಕೆಳಗೆ ಒಣಹುಲ್ಲು ಹಾಕಿದೀನಿ. ಮಗೂನೂ ಕರ್ಕೊಂಡು ಬಾ."

ಹೋದೆವು. ಮೊದಲ ನಕ್ಷತ್ರ ಕಂಡ ಮೇಲೆ ಮೇಜಿಗೆ ಕೂತೆವು. ಮನೆಯಲ್ಲಿ ಹಿರಿಯರಾದವರು ಪವಿತ್ರ ರೊಟ್ಟಿಯ ತೆಳು ಬಿಲ್ಲೆ ಮುರಿದು ಎಲ್ಲರಿಗೂ ಹಂಚಿ, ಹೋದವರನ್ನು ಹೆಸರು ಹಿಡಿದು ನೆನೆಯಬೇಕು. ಈಗ ಅದನ್ನು ಮಾಡುವವರು ಯಾರು ಎಂದು ನಾನು ಯೋಚಿಸುತ್ತಿರುವಾಗಲೇ ಕ್ಲಾವ್ದಿಯಾ ಎದ್ದು ನಿಂತಳು. ಮೊದಲು ದೊಡ್ಡಮ್ಮನ ಹೆಸರು ಹೇಳಿದಳು, ಆಮೇಲೆ ಲಿಯೋನಾಸ್‌ನದು, ಆಮೇಲೆ ತನ್ನ ತಾಯಿಯದು. ಬಿಲ್ಲೆ ಮುರಿದು ಮೊದಲ ಚೂರನ್ನು ನನ್ನ ಮಗಳ ಅಂಗೈಯಲ್ಲಿಟ್ಟಳು.