ಬಾಲದ ಸೀಟು

ಶವಪೆಟ್ಟಿಗೆಯಲ್ಲಿದ್ದ ಅಪ್ಪನ ಕೋಟಿನ ಕೊನೆಯ ಗುಂಡಿ ಹಾಕುತ್ತಿದ್ದಾಗ ಗೇಟು ಕಿರುಗುಟ್ಟಿತು. ಮಗಳ ಕೈ ನಿಂತಿತು. ಗೇಟಿನ ಸದ್ದಾದರೆ ಅಪ್ಪ ಪರದೆ ಸರಿಸಿ ನೋಡುವ ತನಕ ಈ ಮನೆಯಲ್ಲಿ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ. “ತುಟಿ ಮೇಲೆ ಮಚ್ಚೆ ಇರೋ ಹೆಂಗಸು ಬಂದ್ರೆ, ನಾನು ಮನೇಲಿಲ್ಲ ಅನ್ನು” ಎಂದು ಅವಳಿಗೆ ಬುದ್ಧಿ ಬಂದಾಗಿನಿಂದ ಹೇಳುತ್ತಿದ್ದರು.

ಬಂದವಳು ನೆರೆತ ಕೂದಲಿನ ಮುದುಕಿ. ತುಟಿಯ ಮೇಲೆ ಮಚ್ಚೆ.

“ಯುದ್ಧದಲ್ಲಿ ನಿಮ್ಮಪ್ಪ ಕ್ಯಾಪ್ಟನ್ ಆಗಿದ್ದ ವಿಮಾನದ ಬಾಲದಲ್ಲಿ ಬಂದೂಕು ಹಿಡಿದು ಕೂತಿದ್ದವನು ನಮ್ಮಣ್ಣ. ನಿಮ್ಮಪ್ಪ ತೀರಿಕೊಂಡ್ರು ಅಂತ ಪೇಪರಲ್ಲಿ ನೋಡಿದೆ.”

ಈಗ ಅಪ್ಪ ನಿಜಕ್ಕೂ ಮನೆಯಲ್ಲಿರಲಿಲ್ಲ. ಮಗಳು ಅಂಗೈ ಒರೆಸಿಕೊಂಡು, ಗೋಡೆಯ ಪಕ್ಕದ ಕುರ್ಚಿ ತೋರಿಸಿದಳು.

ಯುದ್ಧ ಮುಗಿದ ಮೇಲೆ ಅಪ್ಪ ಓಡಿಸುತ್ತಿದ್ದ ಬಸ್ಸಿನಲ್ಲಿ ಇಪ್ಪತ್ತು ವರ್ಷ ದುಡಿದ ಕಂಡಕ್ಟರ್ ನೆರೆಯವರಿಗೆ ಹೇಳುತ್ತಿದ್ದ: “ಪ್ರತಿ ಸ್ಟಾಪಲ್ಲೂ ‘ಹಿಂದೆ, ಇದ್ದೀಯಾ?’ ಅನ್ನೋರು. ಉತ್ತರ ಬರದೆ ಗಾಡಿ ತೆಗೀತಿರಲಿಲ್ಲ. ಒಂದ್ಸಲ ನನ್ನ ಬಾಯ್ತುಂಬ ಬಾಳೆಹಣ್ಣು. ನುಂಗೋ ಹೊತ್ತಿಗೆ ಡ್ರೈವರಣ್ಣ ಬೆವತುಬಿಟ್ಟಿದ್ರು.”

ಎಲ್ಲರೂ ನಕ್ಕರು. ವಿಮಾನದಲ್ಲಿ ದಾರಿ ಹೇಳುತ್ತಿದ್ದ ನಕ್ಷೆ ಮಾಮ ಮಾತ್ರ ನಗಲಿಲ್ಲ. ಆ ವಿಮಾನದವರಲ್ಲಿ ಉಳಿದವನು ಅವನೊಬ್ಬನೇ. ಮುದುಕಿ ಅವನತ್ತ ತಿರುಗಿದಳು.

“ಎರಡನೇ ಸುತ್ತಿಗೆ ಎಲ್ಲರೂ ಒಪ್ಪಿದ್ವಿ ಅಂತ ಕ್ಯಾಪ್ಟನ್ ಕಾಗದ ಬರೆದಿದ್ರು. ನಮ್ಮಣ್ಣ ಒಪ್ಪಿದ್ನಾ?”

*

ಅಂದು ಮೋಡ ಸರಿದಾಗ ಕೆಳಗೆ ಕಂಡದ್ದು ಕೆಡವಬೇಕಿದ್ದ ಸೇತುವೆಯಲ್ಲ, ಮನೆಗಳ ಸಾಲು. ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು.

“ಬಿಡಬೇಡಿ” ಎಂದರು ಕ್ಯಾಪ್ಟನ್. ಬಾಂಬು ವಿಮಾನದ ಹೊಟ್ಟೆಯಲ್ಲೇ ಉಳಿಯಿತು. ಕೆಳಗಿನ ಫಿರಂಗಿಗಳಿಗೆ ಅಷ್ಟರಲ್ಲಿ ಗುರಿ ಸಿಕ್ಕಿತ್ತು. ಮರಳಲು ಬೇಕಾದ್ದು ಬಿಟ್ಟರೆ ಇನ್ನೊಂದು ಸುತ್ತಿಗಾಗುವಷ್ಟೇ ಇಂಧನ. ಸೇತುವೆ ಉಳಿದರೆ ಮರುದಿನ ಬೆಳಗಾಗುವಷ್ಟರಲ್ಲಿ ಶತ್ರುವಿನ ಟ್ಯಾಂಕುಗಳು ಈಚೆ ದಡದಲ್ಲಿರುತ್ತಿದ್ದವು.

ಬಾಲದಿಂದ ಶುರುಮಾಡಿ ಎಲ್ಲರನ್ನೂ ಕೇಳಿಯೇ ತೀರ್ಮಾನಿಸುವುದು ಅವರ ಪದ್ಧತಿ.

“ಬಾಲ?”

“ಬೇಡ ಕ್ಯಾಪ್ಟನ್. ಬಯಲಲ್ಲಿ ಎಸೆದು ಮನೆಗೆ ಹೋಗೋಣ.”

ಉಳಿದವರು “ನೀವು ಹೇಳ್ದಂಗೆ” ಎಂದರು. ಕ್ಯಾಪ್ಟನ್ ವಿಮಾನವನ್ನು ಓರೆ ಮಾಡಿದರು.

“ಸುತ್ತು ಹೊಡೀತೀನಿ.”

ಸೇತುವೆ ಮುರಿದು ಬಿತ್ತು. ಬಾಲಕ್ಕೆ ಗುಂಡು ಬಡಿದು ವಿಮಾನ ಒಮ್ಮೆ ಜಗ್ಗಿತು.

“ಬಾಲ, ಇದ್ದೀಯಾ?”

ನೆಲಕ್ಕಿಳಿಯುವವರೆಗೆ, ಒಂದು ಗಂಟೆ, ಅದನ್ನೇ ಕೇಳುತ್ತಿದ್ದರು. ಸಾಕು ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

*

ನಕ್ಷೆ ಮಾಮ ಮಗಳ ಮುಖ ನೋಡಿದ. ಒಂದು ಮಾತಿಗೆ ಅಪ್ಪ ಇಷ್ಟು ಜನರೆದುರು ಸುಳ್ಳುಗಾರರಾಗುತ್ತಿದ್ದರು, ಅದೂ ಪೆಟ್ಟಿಗೆ ಮುಚ್ಚುವ ಮುಂಚೆ. ಅವಳು ಕೋಟಿನ ಕೊನೆಯ ಗುಂಡಿ ಹಾಕಿ ಮುಗಿಸಿದಳು.

“ಹೇಳಿ ಮಾಮ.”

“ಒಪ್ಪಲಿಲ್ಲಮ್ಮ. ಬೇಡ ಅಂದ.”

ಮುದುಕಿ ಮಡಿಲಲ್ಲಿದ್ದ ಚೀಲದ ಹಿಡಿಯನ್ನು ತಿರುಚಿದಳು.

“ಸ್ನಾನ ಮಾಡೋ ಅಂದ್ರೂ ಮೊದಲು ಬೇಡ ಅನ್ನೋನು. ಕಾಗದದಲ್ಲಿ ಬರೆದಿದ್ದು ಯಾರ ಬಗ್ಗೆನೋ ಅಂತ ಇಷ್ಟು ವರ್ಷ ಅಂದ್ಕೊಂಡೆ. ಬೇಡ ಅಂದ ಇವನು ನಮ್ಮಣ್ಣನೇ.”

ಪೆಟ್ಟಿಗೆಯನ್ನು ವ್ಯಾನಿಗೆ ಏರಿಸಿದರು. ಎಲ್ಲರೂ ಹತ್ತಿದರು. ಮಗಳು ಮುಂದೆ, ಡ್ರೈವರ್ ಪಕ್ಕ ಕೂತಳು. ಅವನು ಗೇರಿಗೆ ಕೈ ಹಾಕಿದಾಗ ಅವಳು ತಡೆದಳು.

“ಹಿಂದೆ, ಇದ್ದೀರಾ?”

ಎಂಜಿನ್ ಮಾತ್ರ ಗುರುಗುಡುತ್ತಿತ್ತು. ತಿರುಗಿ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ಕನ್ನಡಿಯಲ್ಲಿ, ಎಲ್ಲರಿಗಿಂತ ಹಿಂದಿನ ಸೀಟಿನಿಂದ ಮುದುಕಿಯ ಸುಕ್ಕುಗಟ್ಟಿದ ಕೈ ಮೇಲೆದ್ದಿತು.

“ಇದ್ದೀನಿ. ಹೊರಡಿ.”